ಕಣ್ಣು ತೆರೆಸುವ ಒಲಿಂಡಾ

ಉಡುಪಿಯ ತೆಂಕಪೇಟೆಯಲ್ಲಿ ಒಂದು ಬಟ್ಟೆಯಂಗಡಿಯ ಮಾಳಿಗೆಯ ಮೇಲೆ ಜೋಕಿಮ್ ಪೊರ್ಬುಗಳ ಫೋಟೋ ಸ್ಟುಡಿಯೋ ಇತ್ತು. ಮದುವೆಯಾದವರು, ಪರೀಕ್ಷೆ ಪಾಸಾದವರು, ಬೊಂಬಾಯಿಗೆ ಹೊರಟವರು ಮರದ ಮೆಟ್ಟಿಲು ಹತ್ತಿ ಬಂದು, ಬಣ್ಣ ಬಳಿದ ಪರದೆಯ ಮುಂದೆ ಉಸಿರು ಬಿಗಿಹಿಡಿದು ಕುಳಿತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ಅವರೆಲ್ಲ ಕಂಡದ್ದು ಜೋಕಿಮರನ್ನು ಮಾತ್ರ. ಒಳಗಿನ ಕೋಣೆಯಲ್ಲಿ, ಬಡಗು ಕಿಟಕಿಯ ಬೆಳಕಿಗೆ ಬೆನ್ನು ಬಗ್ಗಿಸಿ, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ ಹಿಡಿದು ಅವರ ಮಗಳು ಒಲಿಂಡಾ ಕುಳಿತಿರುತ್ತಿದ್ದದ್ದು ಹೆಚ್ಚಿನವರಿಗೆ ತಿಳಿಯುತ್ತಿರಲಿಲ್ಲ. ಮೊಡವೆ ಅಳಿಸುವುದು, ಕೆನ್ನೆಯ ಕಪ್ಪು ತೆಗೆಯುವುದು, ಮದುಮಗಳ ಕೊರಳಿನ ಸರಕ್ಕೆ ಹೊಳಪು ಕೊಡುವುದು ಅವಳ ದಿನನಿತ್ಯದ ಕೆಲಸ.

ಆದರೆ ಅವಳನ್ನೇ ಹುಡುಕಿಕೊಂಡು ಬರುವವರೂ ಇದ್ದರು. ಅವರು ಬರುತ್ತಿದ್ದದ್ದು ಬೇರೆ ಕೆಲಸಕ್ಕೆ.

ಆ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಮನುಷ್ಯನ ಮೊದಲ ಫೋಟೋ ತೆಗೆಯುತ್ತಿದ್ದದ್ದು ಅವನು ಸತ್ತ ಮೇಲೆ. ಇಗರ್ಜಿಗೆ ಒಯ್ಯುವ ಮೊದಲು ಶವಪೆಟ್ಟಿಗೆಯನ್ನು ಅಂಗಳದಲ್ಲಿ ಓರೆಯಾಗಿ ನಿಲ್ಲಿಸಿ, ಸುತ್ತ ಮನೆಮಂದಿಯೆಲ್ಲ ನಿಂತು ಒಂದು ಫೋಟೋ. ವರ್ಷ ಕಳೆದ ಮೇಲೆ ಮಕ್ಕಳಿಗೆ ಅದನ್ನು ನೋಡಲಾಗುತ್ತಿರಲಿಲ್ಲ, ಬಿಸಾಡಲೂ ಆಗುತ್ತಿರಲಿಲ್ಲ. ಅದನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಒಲಿಂಡಾಳ ಹತ್ತಿರ ಬರುತ್ತಿದ್ದರು. ಅವಳು ಆ ಮುಖವನ್ನು ದೊಡ್ಡದು ಮಾಡಿ, ಮೂಗಿನ ಹತ್ತಿಯನ್ನು ಅಳಿಸಿ, ತಲೆಯನ್ನು ನೆಟ್ಟಗೆ ಮಾಡಿ, ಕಣ್ಣು ತೆರೆಸುತ್ತಿದ್ದಳು. ಕಣ್ಣುಗಳನ್ನು ಮನಸ್ಸಿಗೆ ತೋಚಿದಂತೆ ಬರೆಯುತ್ತಿರಲಿಲ್ಲ. "ತಮ್ಮನದ್ದು ಫೋಟೋ ಉಂಟಾ? ಮಗಳದ್ದು? ಚಿಕ್ಕಮ್ಮನದ್ದು? ಎಷ್ಟು ಹಳತಾದರೂ ಅಡ್ಡಿಯಿಲ್ಲ, ಎಲ್ಲ ತನ್ನಿ" ಎನ್ನುತ್ತಿದ್ದಳು. ಆ ಮನೆತನದ ಮುಖಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಯಾರ ಕಣ್ಣು ಯಾರಿಗೆ ಬಂದಿದೆ ಎಂದು ದಿನಗಟ್ಟಲೆ ನೋಡುತ್ತಿದ್ದಳು. ಆಮೇಲೆ ಒಬ್ಬರ ರೆಪ್ಪೆ, ಇನ್ನೊಬ್ಬರ ಪಾಪೆ, ಮತ್ತೊಬ್ಬರ ಹುಬ್ಬು ತಂದು ಸತ್ತವರ ಮುಖದಲ್ಲಿ ಕೂರಿಸುತ್ತಿದ್ದಳು. ಹೆಗಲಿಗೊಂದು ಕೋಟು. ಫೋಟೋ ಕೈಗೆ ಕೊಟ್ಟಾಗ ಹೆಂಗಸರು ಅಳುತ್ತಿದ್ದರು. ಕಲ್ಯಾಣಪುರದಿಂದ ಶಿರ್ವದವರೆಗೆ ಅವಳಿಗೆ ಹೆಸರು ಬಿದ್ದದ್ದು ಹಾಗೆ: ಕಣ್ಣು ತೆರೆಸುವ ಬಾಯಮ್ಮ.

ಮೊದಲು ಅವಳು ತೆರೆಸಿದ್ದು ತನ್ನ ತಾಯಿಯ ಕಣ್ಣನ್ನು. ಒಲಿಂಡಾಳಿಗೆ ಹದಿನೇಳು ವರ್ಷವಿರುವಾಗ ಕೆಮ್ಮಣ್ಣಿನ ಮನೆಯಲ್ಲಿ ತಾಯಿ ಆಲಿಸ್ ವಿಷಮಜ್ವರದಿಂದ ತೀರಿಹೋದಳು. ಊರಿನವರ ಫೋಟೋವನ್ನೆಲ್ಲ ತೆಗೆದ ಜೋಕಿಮರ ಹತ್ತಿರ ಹೆಂಡತಿಯದೆಂದು ಇದ್ದದ್ದು ಎರಡೇ ಫೋಟೋ. ಮದುವೆಯದರಲ್ಲಿ ಅವಳು ನಾಚಿ ಕೆಳಗೆ ನೋಡುತ್ತಿದ್ದಳು. ಇನ್ನೊಂದು ಪೆಟ್ಟಿಗೆಯದು. ತಿಂಗಳ ಮೇಲೆ ಜೋಕಿಮರು ಎರಡನ್ನೂ ಮಗಳ ಮುಂದೆ ಇಟ್ಟು, "ನನ್ನಿಂದ ಆಗುವುದಿಲ್ಲ ಒಲಿಂಡಾ, ನೀನು ಮಾಡು" ಎಂದರು. ಅವಳು ಚಿಕ್ಕಮ್ಮ ಝೀಟಾಳ ಫೋಟೋದಿಂದ ಕಣ್ಣು ತೆಗೆದಳು. ಫೋಟೋ ಸ್ಟುಡಿಯೋದ ಗೋಡೆಗೆ ಏರಿತು. ಜೋಕಿಮರು ಹದಿನಾರು ವರ್ಷ ಅದರ ಎದುರು ಕುಳಿತೇ ಮಧ್ಯಾಹ್ನದ ಊಟ ಮಾಡಿ, ೧೯೫೫ರಲ್ಲಿ ತೀರಿಕೊಂಡರು. ಒಲಿಂಡಾ ಮದುವೆಯಾಗಲಿಲ್ಲ. ಅಣ್ಣ ಲಿಯೋನೆಲ್ ಬೊಂಬಾಯಿಯಲ್ಲಿದ್ದ. ಅತ್ತಿಗೆಯ ಜೊತೆ ಕೆಮ್ಮಣ್ಣಿನಲ್ಲಿ ಉಳಿದು, ದಿನವೂ ಬಸ್ಸಿನಲ್ಲಿ ಉಡುಪಿಗೆ ಬಂದು ಸ್ಟುಡಿಯೋ ಅವಳೇ ನಡೆಸಿದಳು.

ಐವತ್ತೇಳರ ಆಟಿ ತಿಂಗಳಲ್ಲಿ ಕಾಪುವಿನ ನಳಿನಾಕ್ಷಿ ಬಂದಳು. ಮಳೆಗಾಲ, ಕಡಲಿಗೆ ದೋಣಿ ಇಳಿಯುತ್ತಿರಲಿಲ್ಲ, ಮೀನಿನ ಬುಟ್ಟಿಗೆ ಕೆಲಸವಿರಲಿಲ್ಲ. ಜೊತೆಗೆ ಎಂಟು ವರ್ಷದ ಮಗಳು ಮೋಹಿನಿ. ನಳಿನಾಕ್ಷಿ ಬಾಗಿಲಲ್ಲೇ ನಿಂತು, ಸೀರೆಯ ಅಂಚಿನ ನೀರು ಹಿಂಡಿ, ಕೇಳಿದಳು:

"ಸತ್ತವರ ಕಣ್ಣು ತೆರೆಸುವ ಬಾಯಮ್ಮ ನೀವೇ ಅಲ್ವಾ?"

"ಹೌದು. ಒಳಗೆ ಬನ್ನಿ. ಯಾರದ್ದು?"

"ಗಂಡನದ್ದು."

"ಫೋಟೋ ತಂದಿದ್ದೀರಾ?"

"ಫೋಟೋ ಇಲ್ಲ."

"ತೀರಿಹೋದ ದಿವಸ ತೆಗೆದದ್ದೂ ಇಲ್ಲವಾ?"

"ಹೆಣವೇ ಸಿಗಲಿಲ್ಲ ಬಾಯಮ್ಮ."

ಗಂಡನ ಹೆಸರು ಬೂಬ. ಏಳು ವರ್ಷಗಳ ಹಿಂದೆ ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ದೋಣಿ ಮಗುಚಿತ್ತು. ಹೋದವರು ಮೂವರು, ಇಬ್ಬರು ದಡಕ್ಕೆ ಬಂದರು, ಬೂಬ ಬರಲಿಲ್ಲ. ಮೋಹಿನಿ ಆಗ ಅಂಬೆಗಾಲಿಡುತ್ತಿದ್ದಳು. ಈಗ ಶಾಲೆಗೆ ಹೋಗುವ ಹುಡುಗಿ ದಿನಕ್ಕೊಮ್ಮೆ ಅಪ್ಪ ಹೇಗಿದ್ದರು ಎಂದು ಕೇಳುತ್ತಾಳೆ. "ನಾನು ಚಿಕ್ಕಪ್ಪನ ಹಾಗೆ ಅನ್ನುತ್ತೇನೆ. ಚಿಕ್ಕಪ್ಪನ ಹಾಗೆ ಅಂದರೆ ಚಿಕ್ಕಪ್ಪನೇ ಅಲ್ವಾ ಅಂತ ಕೇಳುತ್ತಾಳೆ. ಎಂತ ಹೇಳುವುದು?"

"ಫೋಟೋ ಇಲ್ಲದೆ ನಾನು ಎಂತ ಮಾಡಲಿ ನಳಿನಾಕ್ಷಿ?"

"ಒಂದು ಸಲ ತೆಗೆದಿದ್ದಾರೆ. ನನ್ನ ಮದುವೆಯಾದ ವರ್ಷ. ಕಾರ್ಕಳದ ಒಬ್ಬರು ಮಾಷ್ಟ್ರು ಮೂರು ಕಾಲಿನ ಪೆಟ್ಟಿಗೆ ತಂದು, ತಲೆಗೆ ಕರಿಬಟ್ಟೆ ಹೊದ್ದುಕೊಂಡು, ರಂಪಣಿ ಬಲೆ ಎಳೆಯುವವರದ್ದು ತೆಗೆದರು. ನಾನು ಅಲ್ಲೇ ಬುಟ್ಟಿ ಹಿಡಿದು ನಿಂತಿದ್ದೆ. ಆದರೆ ಆ ಫೋಟೋವನ್ನು ನಾವು ಯಾರೂ ಕಂಡಿಲ್ಲ."

ಮಳೆ ಸ್ವಲ್ಪ ಬಿಟ್ಟ ಒಂದು ದಿನ ಒಲಿಂಡಾ ಕಾರ್ಕಳದ ಬಸ್ಸು ಹತ್ತಿದಳು. ಮಣಿಪಾಲದ ಗುಡ್ಡದ ಮೇಲೆ ಹೊಸ ಕಾಲೇಜಿನ ಕಟ್ಟಡಗಳು ಏಳುತ್ತಿದ್ದವು. ಕೆಂಪುಕಲ್ಲು ಹೇರಿದ ಲಾರಿಗಳಿಗೆ ದಾರಿ ಬಿಡುತ್ತ ಬಿಡುತ್ತ ಬಸ್ಸು ಹಿರಿಯಡ್ಕ ದಾಟಿ ಕಾರ್ಕಳ ಮುಟ್ಟುವಾಗ ಮಧ್ಯಾಹ್ನ. ಮಾಷ್ಟ್ರನ್ನು ಹುಡುಕುವುದು ಕಷ್ಟವಾಗಲಿಲ್ಲ. ಹಿರಿಯಂಗಡಿಯಲ್ಲಿ ಧರ್ಮಪಾಲ ಮಾಷ್ಟ್ರ ಮನೆಯನ್ನು ಜನ 'ಮ್ಯೂಸಿಯಂ ಮನೆ' ಎಂದೇ ಕರೆಯುತ್ತಿದ್ದರು. ಎಪ್ಪತ್ತು ದಾಟಿದ ಒಂಟಿ ಮನುಷ್ಯ. ಹೊರಚಾವಡಿಯ ಎರಡು ಕೋಣೆಗಳಲ್ಲಿ ತಾಳೆಗರಿಯ ಕಟ್ಟುಗಳು, ಕಂಚಿನ ದೀಪಗಳು, ಹಳೆಯ ಅಳತೆಯ ಸೇರು ಪಾವುಗಳು, ಮುರಿದ ನೇಗಿಲು. ಗೋಡೆಯುದ್ದಕ್ಕೂ ಮರದ ಪೆಟ್ಟಿಗೆಗಳಲ್ಲಿ ಗಾಜಿನ ನೆಗೆಟಿವ್‌ಗಳು, ಸಾವಿರಕ್ಕೆ ಹತ್ತಿರ. ಇಪ್ಪತ್ತು ವರ್ಷ ಅವರು ಶಾಲೆಗೆ ರಜೆ ಸಿಕ್ಕಿದಾಗಲೆಲ್ಲ ಕ್ಯಾಮರಾ ಹೊತ್ತು ಘಟ್ಟದ ಬುಡದಿಂದ ಕಡಲಿನವರೆಗೆ ತಿರುಗಿದ್ದರು.

ಮಾಷ್ಟ್ರು ರಿಜಿಸ್ಟರ್ ತೆರೆದು ಬೆರಳಾಡಿಸಿದರು. "ಉಂಟು ಅಮ್ಮ. 'ಬಲೆ ಎಳೆಯುವವರು, ಕಾಪು, ೧೯೪೧.'"

"ಹೆಸರು ಬರೆದಿಲ್ಲವಾ ಮಾಷ್ಟ್ರೇ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಬಲೆಯ ಉದ್ದ ಕೇಳಿ ಬರೆದುಕೊಂಡಿದ್ದೇನೆ ನೋಡಿ. ಹಗ್ಗ ಯಾವ ನಾರಿನದ್ದು ಅಂತಲೂ ಬರೆದಿದ್ದೇನೆ. ಹೆಸರು ಕೇಳಬೇಕು ಅಂತ ಆಗ ನನಗೆ ತೋಚಲೇ ಇಲ್ಲ."

ಅವರು ಆ ಗಾಜನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಕೊಟ್ಟರು. ತಿಂಗಳೊಳಗೆ ತಂದುಕೊಟ್ಟರೆ ಸಾಕು ಎಂದರು. ಒಲಿಂಡಾ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡೇ ಬಂದಳು.

ಗುರುತು ಹಿಡಿಯುವುದಕ್ಕೆಂದು ಅವಳು ಬಿಸಿಲಿನಲ್ಲಿ ಒಂದು ಪ್ರೂಫ್ ಹಾಕಿದಳು. ಪ್ರೂಫ್ ಎಂದರೆ ಮದ್ದಿನಲ್ಲಿ ತೊಳೆದು ಗಟ್ಟಿಮಾಡದ ಕಾಗದ. ಕೆಲವು ದಿನ ಚಿತ್ರ ಕಾಣುತ್ತದೆ, ಆಮೇಲೆ ಬೆಳಕು ತಾಗಿ ತಾಗಿ ಕಪ್ಪಾಗುತ್ತದೆ. ಅದನ್ನು ಹಿಡಿದು ಕಾಪುವಿಗೆ ಹೋದಳು. ದೀಪಸ್ತಂಭದ ಬಡಗಿನ ಓಣಿಯಲ್ಲಿ ನಳಿನಾಕ್ಷಿಯ ಮನೆ. ಸುದ್ದಿ ಹರಡಿ ಜಗಲಿಯ ತುಂಬ ಜನ ಸೇರಿದರು. ಕಾಗದದ ಮೇಲೆ ಇಪ್ಪತ್ತಮೂರು ಗಂಡಸರು ಹಗ್ಗ ಹಿಡಿದು ಹಿಂದಕ್ಕೆ ಬಾಗಿದ್ದರು.

"ಇವ ನಮ್ಮ ಗಣಪ! ಕಾಲು ನೋಡಿ, ಸೊಟ್ಟ."

"ಇದು ನನ್ನ ಅಪ್ಪ ಮಾರಾಯ್ರೆ. ಅಯ್ಯೋ, ಎಷ್ಟು ಪ್ರಾಯ ಆಗ!"

ಒಲಿಂಡಾ ಒಂದು ಹಾಳೆಯಲ್ಲಿ ಎಡದಿಂದ ಬಲಕ್ಕೆ ಹೆಸರು ಬರೆಯುತ್ತ ಹೋದಳು. ಇಪ್ಪತ್ತಮೂರರಲ್ಲಿ ಒಂಬತ್ತು ಜನ ಈಗ ಇರಲಿಲ್ಲ. ನಳಿನಾಕ್ಷಿ ಕೊನೆಗೆ ಮುಂದೆ ಬಂದು ಏಳನೆಯವನ ಮೇಲೆ ಬೆರಳಿಟ್ಟಳು. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ. ಅದರ ನೆರಳಿನಲ್ಲಿ ಕಣ್ಣು ಎರಡು ಕಪ್ಪು ಗುಳಿ. ಬಾಯಿ ದೊಡ್ಡದಾಗಿ ತೆರೆದಿತ್ತು, ತೆರೆಯುವಾಗ ಅಲುಗಿ ದವಡೆಯೆಲ್ಲ ಮಸುಕಾಗಿತ್ತು.

"ಹಗ್ಗ ಎಳೆಯುವಾಗ ಕೂಗು ಕೊಡುತ್ತಿದ್ದದ್ದು ಇವರೇ. ಇವರು ಕೂಗಿದ ಮೇಲೆಯೇ ಉಳಿದವರೆಲ್ಲ ಎಳೆಯುವುದು" ಎಂದಳು.

ಮುಖ ಒಂದು ಅಕ್ಕಿಕಾಳಿನಷ್ಟು ಇತ್ತು. ಸ್ಟುಡಿಯೋದಲ್ಲಿ ದೊಡ್ಡದು ಮಾಡಿದಾಗ ಕಣ್ಣೂ ಬಾಯಿಯೂ ಮಂಜಿನಂತೆ ಚೆದುರಿದವು. ಒಲಿಂಡಾ ಹೆದರಲಿಲ್ಲ, ಇಂಥ ಕಷ್ಟದ ಕೆಲಸ ಅವಳಿಗೆ ಅದುವರೆಗೆ ಸಿಕ್ಕಿರಲಿಲ್ಲ, ಒಳಗೊಳಗೇ ಒಂದು ಹುರುಪೂ ಇತ್ತು. ಬೂಬನ ತಮ್ಮ ಸುಂದರನನ್ನು ಕರೆಸಿ, ಅಣ್ಣನ ದವಡೆಯೇ ತಮ್ಮನಿಗೂ ಬಂದಿದೆ ಎಂದು ಅವನ ತಾಯಿ ಹೇಳಿದ್ದಕ್ಕೆ, ಅವನ ಫೋಟೋ ತೆಗೆದು ಬಾಯಿ ದವಡೆಯನ್ನು ಕತ್ತರಿಸಿದಳು. ಕಣ್ಣು ಮೋಹಿನಿಯ ಫೋಟೋದಿಂದ ಕತ್ತರಿಸಿದ್ದು, "ಅವಳದ್ದು ಅಪ್ಪನ ಕಣ್ಣೇ" ಎಂದಿದ್ದಳು ನಳಿನಾಕ್ಷಿ. ದೊಡ್ಡ ಪ್ರಿಂಟಿನಲ್ಲಿ ಬೂಬನ ಮಸುಕು ಬಾಯಿಯನ್ನು ಬ್ಲೇಡಿನಿಂದ ಹೆರೆದು ತೆಗೆದು, ಆ ಜಾಗದಲ್ಲಿ ತಮ್ಮನ ದವಡೆಯನ್ನೂ ಕಣ್ಣಿನ ಗುಳಿಗಳ ಮೇಲೆ ಮಗಳ ಕಣ್ಣನ್ನೂ ಅಂಚು ಕಾಣದಂತೆ ಅಂಟಿಸಿದಳು. ಮುಟ್ಟಾಳೆಯನ್ನು ಕೂದಲಾಗಿ ಮಾಡಿದಳು, ಬರಿಮೈಗೆ ಬಿಳಿ ಶರ್ಟು ತೊಡಿಸಿದಳು. ಮೂರು ವಾರ ಹಿಡಿಯಿತು. ಅದನ್ನು ಮತ್ತೆ ಫೋಟೋ ತೆಗೆದು ಪ್ರಿಂಟು ಹಾಕಿದಾಗ, ಗಂಭೀರವಾಗಿ ತುಟಿ ಮುಚ್ಚಿ ಕುಳಿತ ಒಬ್ಬ ಮನುಷ್ಯ ಅವಳನ್ನೇ ನೋಡುತ್ತಿದ್ದ.

ಗಾಜನ್ನು ಕಾರ್ಕಳಕ್ಕೆ ಮರಳಿಸುವಾಗ ಹೆಸರಿನ ಹಾಳೆಯನ್ನೂ ಪ್ರೂಫನ್ನೂ ಕೊಟ್ಟಳು. ಧರ್ಮಪಾಲ ಮಾಷ್ಟ್ರು ಅವಳ ಎದುರೇ ರಿಜಿಸ್ಟರ್ ತೆಗೆದು, ಇಪ್ಪತ್ತಮೂರು ಹೆಸರುಗಳನ್ನು ಮುತ್ತಿನಂಥ ಅಕ್ಷರದಲ್ಲಿ ಇಳಿಸಿದರು. ತೀರಿಹೋದವರ ಹೆಸರಿನ ಮುಂದೆ ಒಂದು ಸಣ್ಣ ಚುಕ್ಕಿ ಹಾಕಿದರು.

ಕಾಪುವಿನಲ್ಲಿ ನಳಿನಾಕ್ಷಿ ಫೋಟೋವನ್ನು ಬಹಳ ಹೊತ್ತು ನೋಡಿದಳು. ಒಲಿಂಡಾ ಅಳುವನ್ನು ಕಾದಳು. ಅಳು ಬರಲಿಲ್ಲ.

"ಶರ್ಟು ಚಂದ ಉಂಟು" ಎಂದಳು ನಳಿನಾಕ್ಷಿ.

ಅಷ್ಟರಲ್ಲಿ ಬೂಬನ ತಾಯಿ ಅದನ್ನು ಕಿತ್ತುಕೊಂಡು, ಪೊರೆ ಬಂದ ಕಣ್ಣಿಗೆ ಹತ್ತಿರ ಹಿಡಿದು, ನನ್ನ ಮಗ ನನ್ನ ಮಗ ಎಂದು ಎದೆಗೊತ್ತಿಕೊಂಡಳು. ಮೋಹಿನಿ ಅಜ್ಜಿಯ ಹೆಗಲ ಮೇಲಿಂದ ಇಣುಕಿ ನೋಡುತ್ತಲೇ ಇದ್ದಳು. ಎಲ್ಲರೂ ಬೂಬನೇ ಎಂದರು. ನಳಿನಾಕ್ಷಿಯೂ ಹೌದು ಎಂದಳು.

ಮುಂದಿನ ಏಳು ವರ್ಷ ಒಲಿಂಡಾಳಿಗೆ ಕೈತುಂಬ ಕೆಲಸ. ಕಾಪುವಿನ ಸುದ್ದಿ ಕೇಳಿ ಎಲ್ಲೆಲ್ಲಿಂದಲೋ ಬಂದರು. ಮಣಿಪಾಲದಲ್ಲಿ ಮನೆ ಕಟ್ಟಿದ ಒಬ್ಬರಿಗೆ ಎಂದೂ ಒಟ್ಟಿಗೆ ಕೂರದ ನಾಲ್ಕು ತಲೆಮಾರನ್ನು ಒಂದೇ ಬೆಂಚಿನ ಮೇಲೆ ಕೂರಿಸಿಕೊಟ್ಟಳು. ಅಂಬಲಪಾಡಿಯ ಒಂದು ಮನೆಗೆ, ಹೆರಿಗೆಯಲ್ಲಿ ಸತ್ತ ತಾಯಿಯ ತೊಡೆಯ ಮೇಲೆ ಆರು ವರ್ಷದ ಮಗುವನ್ನು ಇಟ್ಟುಕೊಟ್ಟಳು. ಆ ಮನೆಯವರು ಅವಳ ಕೈಹಿಡಿದು ಕಣ್ಣಿಗೊತ್ತಿಕೊಂಡಿದ್ದರು. ತಾನು ಮಾಡುತ್ತಿರುವುದು ಪುಣ್ಯದ ಕೆಲಸ ಎಂದು ಒಲಿಂಡಾ ನಂಬಿದ್ದಳು.

ಅರವತ್ತನಾಲ್ಕರ ದೀಪಾವಳಿ ಕಳೆದ ಮೇಲೆ ನಳಿನಾಕ್ಷಿ ಮತ್ತೆ ಬಂದಳು. ಖಾಲಿ ಬುಟ್ಟಿಯನ್ನು ಮೆಟ್ಟಿಲ ಕೆಳಗೇ ಇಟ್ಟು, ಮೇಲೆ ಬಂದು ನೆಲದ ಮೇಲೆ ಕುಳಿತಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಅತ್ತೆ ಹೋದ ಸುದ್ದಿ ಹೇಳಿದಳು, ಮೋಹಿನಿ ಹೈಸ್ಕೂಲಿಗೆ ಹೋಗುವುದನ್ನು ಹೇಳಿದಳು.

"ಎಂತ ನಳಿನಾಕ್ಷಿ? ಫೋಟೋ ಹಾಳಾಯಿತಾ?"

"ಫೋಟೋ ಚೆನ್ನಾಗಿಯೇ ಉಂಟು ಬಾಯಮ್ಮ. ನಾನು ಹಾಳಾದೆ." ಅವಳು ಬೆರಳಿನಿಂದ ನೆಲದ ಮೇಲೆ ಗೆರೆ ಎಳೆಯುತ್ತಿದ್ದಳು. "ಮೊದಲು ಕಣ್ಣು ಮುಚ್ಚಿದರೆ ಅವರು ಬರುತ್ತಿದ್ದರು. ಮುಟ್ಟಾಳೆ ಇಟ್ಟುಕೊಂಡು, ಬೊಬ್ಬೆ ಹೊಡೆಯುತ್ತ. ಈಗ ಕಣ್ಣು ಮುಚ್ಚಿದರೆ ಫೋಟೋ ಬರುತ್ತದೆ. ಬಿಳಿ ಶರ್ಟಿನವರು. ಬೇರೆ ಎಂತದೂ ಬರುವುದಿಲ್ಲ. ನಿನ್ನೆ ರಾತ್ರಿಯೂ ನೋಡಿದೆ, ಇಲ್ಲ. ಅವರು ಬಾಯಿ ಮುಚ್ಚಿ ಕೂತದ್ದನ್ನು ನಾನು ಒಂದು ದಿನವೂ ಕಂಡಿಲ್ಲ ಬಾಯಮ್ಮ. ನೀವು ಅವರ ಬಾಯಿ ಮುಚ್ಚಿಸಿದಿರಿ."

ಬೈಗುಳದ ದನಿ ಅದಲ್ಲ. ಒಲಿಂಡಾಳ ಕಣ್ಣು ತಾನಾಗಿಯೇ ಎದುರುಗೋಡೆಯ ಮೇಲಿದ್ದ ಅಮ್ಮನ ಫೋಟೋದ ಕಡೆ ಹೋಯಿತು. ಅಮ್ಮ ಅಡುಗೆಮನೆಯಿಂದ ತಿರುಗಿ ನೋಡುತ್ತಿದ್ದದ್ದು, ಜಡೆ ಹಾಕುವಾಗ ಕನ್ನಡಿಯಲ್ಲಿ ನೋಡುತ್ತಿದ್ದದ್ದು, ಯಾವುದನ್ನು ನೆನೆದರೂ ಅಲ್ಲಿ ಝೀಟಾ ಚಿಕ್ಕಮ್ಮನ ಕಣ್ಣೇ ಇತ್ತು. ಇದು ಅವಳಿಗೆ ಬಹಳ ವರ್ಷಗಳಿಂದ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ, ತನಗೆ ತಾನೂ ಹೇಳಿಕೊಂಡಿರಲಿಲ್ಲ.

"ಆ ಮೊದಲಿನದ್ದು ಉಂಟಾ?" ನಳಿನಾಕ್ಷಿ ಕೇಳಿದಳು. "ಬಾಯಿ ತೆರೆದದ್ದು. ಮಸುಕಾದರೂ ಅಡ್ಡಿಯಿಲ್ಲ. ಒಂದು ಸಲ ನೋಡಿದರೆ ಸಾಕು."

"ಕಾರ್ಕಳದಲ್ಲಿ ಉಂಟು. ತಂದುಕೊಡುತ್ತೇನೆ" ಎಂದಳು ಒಲಿಂಡಾ.

ಮರುದಿನವೇ ಹೋದಳು. ಮ್ಯೂಸಿಯಂ ಮನೆಯ ಚಾವಡಿ ಖಾಲಿಯಾಗಿತ್ತು. ಭತ್ತದ ಮೂಟೆ ಪೇರಿಸಿದ್ದರು. ಧರ್ಮಪಾಲ ಮಾಷ್ಟ್ರು ಹೋಗಿ ಒಂದು ವರ್ಷ ದಾಟಿತ್ತು. ಅವರ ಅಕ್ಕನ ಮಗ, ಅಳಿಯ ಗುಣಪಾಲ ಮರ್ಯಾದೆಯಿಂದ ಕೂರಿಸಿ ಬೆಲ್ಲ ನೀರು ಕೊಟ್ಟ.

"ಗಾಜಿನ ಪೆಟ್ಟಿಗೆಗಳು?" ಅವಳು ಕೇಳಿದಳು.

"ಅದಾ? ಫ್ರೇಮ್ ಅಂಗಡಿಯವರು ತೆಗೆದುಕೊಂಡು ಹೋದರು. ಮಸಿ ಹಿಡಿದ ಗಾಜು ಅಲ್ವಾ, ಕಾಸ್ಟಿಕ್ ಸೋಡಾ ಹಾಕಿ ತೊಳೆದರೆ ಒಳ್ಳೆಯ ಗಾಜು ಆಗುತ್ತದೆ ಅಂದರು." ಅವಳ ಮುಖ ನೋಡಿ ಅವನಿಗೆ ಗಾಬರಿಯಾಯಿತು. "ಎಂತಾಯಿತು ಅಮ್ಮ? ಅದರಲ್ಲಿ ಎಂತ ಇತ್ತು? ಮಾವ ನನ್ನ ಹತ್ತಿರ ಏನೂ ಹೇಳಲಿಲ್ಲ. ತಾಳೆಗರಿಯನ್ನು ಬಸದಿಗೆ ಕೊಡಬೇಕು ಅಂದಿದ್ದರು, ಕೊಟ್ಟಿದ್ದೇನೆ. ಗಾಜಿನ ವಿಷಯ ಹೇಳಲೇ ಇಲ್ಲ."

ಫ್ರೇಮ್ ಅಂಗಡಿಯ ತಾರಾನಾಥನೂ ಕೆಟ್ಟವನಲ್ಲ. ಅವಳು ಕೇಳಿದ್ದಕ್ಕೆ ಉಳಿದ ಗಾಜುಗಳನ್ನು ತಂದು ತೋರಿಸಿದ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. ಆಚೆ ಬದಿಯ ರಸ್ತೆ, ಸೈಕಲ್ಲು, ಚಹಾದಂಗಡಿ ಸ್ವಚ್ಛವಾಗಿ ಕಾಣುತ್ತಿದ್ದವು. ಒಂದರ ಮೂಲೆಯಲ್ಲಿ ಮಾತ್ರ ಸೋಡಾ ತಾಗದೆ ಉಳಿದ, ಉಗುರಿನಷ್ಟು ಕಪ್ಪು. ಯಾವುದೋ ಮರದ ತುದಿ.

ಗುಣಪಾಲ ರಿಜಿಸ್ಟರನ್ನು ಹುಡುಕಿ ಕೊಟ್ಟ. ಕಾಪುವಿನ ಪುಟದಲ್ಲಿ ಇಪ್ಪತ್ತಮೂರು ಹೆಸರುಗಳಿದ್ದವು, ಏಳನೆಯದು ಬೂಬ. ಪಕ್ಕದಲ್ಲಿ ಮಾಷ್ಟ್ರು ಜೋಪಾನವಾಗಿ ಅಂಟಿಸಿದ್ದ ಪ್ರೂಫ್ ಅಂಚಿನಿಂದ ಅಂಚಿಗೆ ಕಂದುಗಪ್ಪಾಗಿ ಹೋಗಿತ್ತು. ಆ ದಿನ ಹತ್ತು ನಿಮಿಷ ಮದ್ದಿನಲ್ಲಿ ಅದ್ದಿದ್ದರೆ ಅದು ಉಳಿಯುತ್ತಿತ್ತು. ಗುರುತಿಗೆ ತಾನೆ ಎಂದು ಅವಳು ಅದ್ದಿರಲಿಲ್ಲ.

ಉಡುಪಿಗೆ ಬಂದವಳು ಎರಡು ದಿನ ಸ್ಟುಡಿಯೋ ಬಾಗಿಲು ಹಾಕಿಕೊಂಡು ಹಳೆಯ ಲಕೋಟೆಗಳನ್ನೆಲ್ಲ ಜಾಲಾಡಿದಳು. ಸಿಕ್ಕಿದ್ದು ಒಂದೇ: ಅಂದು ತಾನು ಕತ್ತರಿಸಿ ಅಂಟಿಸಿ ಬಣ್ಣ ಹಚ್ಚಿದ ಆ ದೊಡ್ಡ ಪ್ರಿಂಟು. ಅದನ್ನು ತಟ್ಟೆಯ ನೀರಿನಲ್ಲಿ ಮುಳುಗಿಸಿ ಕಾದಳು. ಬಣ್ಣ ಕರಗಿತು, ಶರ್ಟು ಹೋಗಿ ಬರಿಯ ಹೆಗಲು ಬಂತು. ಕೂದಲು ಹೋಗಿ ಮುಟ್ಟಾಳೆ ಬಂತು. ಮೋಹಿನಿಯ ಕಣ್ಣುಗಳು ತೇಲಿಬಂದು, ಅವುಗಳ ಕೆಳಗೆ ಆ ಎರಡು ಕಪ್ಪು ಗುಳಿಗಳು ಕಂಡವು. ಅವಳಿಗೆ ಒಂದು ಕ್ಷಣ ಆಸೆ ಹುಟ್ಟಿತು. ಸುಂದರನ ದವಡೆಯ ಅಂಚು ಎದ್ದಾಗ ಚಿಮಟದಿಂದ ಮೆಲ್ಲಗೆ ಎಳೆದಳು. ಅದರ ಅಡಿಯಲ್ಲಿ ಹೆರೆದ ಬಿಳಿ ಕಾಗದ. ಅವಳದೇ ಬ್ಲೇಡಿನ ಗೆರೆಗಳು, ಒತ್ತೊತ್ತಾಗಿ.

ಒದ್ದೆ ಪ್ರಿಂಟನ್ನು ಗಾಜಿಗೆ ಅಂಟಿಸಿಟ್ಟು ಬಹಳ ಹೊತ್ತು ನೋಡುತ್ತ ಕುಳಿತಾಗ ಅವಳಿಗೆ ಕಂಡದ್ದು ಕಿವಿ. ಬಲಗಿವಿ. ಮುಟ್ಟಾಳೆಯ ಅಂಚು ತಾಗಿ ಸ್ವಲ್ಪ ಹೊರಕ್ಕೆ ಬಾಗಿದ, ಬುಡದಲ್ಲಿ ಒಂದು ಸಣ್ಣ ಸೀಳಿದ್ದ ಕಿವಿ. ಅದು ಅಲುಗಿರಲಿಲ್ಲ, ಮಸುಕಾಗಿರಲಿಲ್ಲ. ಅಂದು ಅದನ್ನು ತಿದ್ದಬೇಕೆಂದು ಅವಳಿಗೆ ತೋಚಿರಲೂ ಇಲ್ಲ. ಕಿವಿಯನ್ನು ಯಾರು ನೋಡುತ್ತಾರೆ?

ಅದನ್ನು ಒಣಗಿಸಿ, ರಿಜಿಸ್ಟರಿನ ಜೊತೆ ಚೀಲದಲ್ಲಿಟ್ಟುಕೊಂಡು ಭಾನುವಾರ ಪೂಜೆ ಮುಗಿಸಿ ಕಾಪುವಿಗೆ ಹೋದಳು. ಜಗಲಿಯಲ್ಲಿ ನಳಿನಾಕ್ಷಿ ಬಲೆಯ ತೂತು ಹೊಲಿಯುತ್ತಿದ್ದಳು. ಒಲಿಂಡಾ ಒಂದನ್ನೂ ಬಚ್ಚಿಡದೆ ಹೇಳಿದಳು: ಗಾಜು ಹೋದದ್ದು, ಪ್ರೂಫ್ ಕಪ್ಪಾದದ್ದು, ಬಾಯಿಯನ್ನು ತಾನೇ ಹೆರೆದದ್ದು.

"ಅಂದರೆ ಇನ್ನು ಎಲ್ಲಿಯೂ ಇಲ್ಲ" ಎಂದಳು ನಳಿನಾಕ್ಷಿ.

"ಇಲ್ಲ. ಆದರೆ ಈ ಕಿವಿ ಅವರದ್ದೇ ನಳಿನಾಕ್ಷಿ. ಗೋಡೆಯ ಮೇಲಿನ ಫೋಟೋದಲ್ಲಿಯೂ ಇದೇ ಉಂಟು. ನಾನು ಇದನ್ನು ಮುಟ್ಟಿಲ್ಲ. ದೇವರಾಣೆ ಮುಟ್ಟಿಲ್ಲ."

ನಳಿನಾಕ್ಷಿ ಕಾಗದವನ್ನು ತೊಡೆಯ ಮೇಲಿಟ್ಟು, ಅಂಗೈಯನ್ನು ಬಿಳಿ ದವಡೆಯ ಮೇಲೂ ಕಣ್ಣಿನ ಗುಳಿಗಳ ಮೇಲೂ ಅಡ್ಡ ಇಟ್ಟು ಮುಚ್ಚಿದಳು. ಕಿವಿ ಮಾತ್ರ ಉಳಿಯಿತು. ನೋಡಿದಳು.

"ಇಲ್ಲಿ ಬೀಡಿ ಸಿಕ್ಕಿಸಿಕೊಳ್ಳುತ್ತಿದ್ದರು" ಎಂದಳು. "ಕಡಲಿಗೆ ಇಳಿಯುವ ಮೊದಲು ತೆಗೆದು ನನ್ನ ಕೈಯಲ್ಲಿ ಕೊಡುತ್ತಿದ್ದರು, ಒದ್ದೆಯಾಗುತ್ತದೆ ಅಂತ. ಈ ಸೀಳು ಅವರು ಚಿಕ್ಕವರಿರುವಾಗ ಕಿವಿಯ ಒಂಟಿ ಎಳೆದು ಆದದ್ದು. ನಾನು ಕೀಟಲೆ ಮಾಡುತ್ತಿದ್ದೆ." ಅಷ್ಟು ಹೇಳಿ ಅವಳು ಬಾಗಿ, ಹಣೆಯನ್ನು ಮೊಣಕಾಲಿಗೆ ಒತ್ತಿಕೊಂಡು ಅತ್ತಳು. ಹದಿನಾಲ್ಕು ವರ್ಷದ ಅಳು ಅದು. ಒಲಿಂಡಾ ಪಕ್ಕದಲ್ಲಿ ಕುಳಿತು ಬೆನ್ನ ಮೇಲೆ ಕೈಯಿಟ್ಟಳು.

ಮೋಹಿನಿ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಲಿಂಡಾ ಹೊರಟಾಗ, ಬಸ್ಸಿನವರೆಗೆ ಬರುತ್ತೇನೆ ಎಂದು ಜೊತೆಗೆ ನಡೆದಳು. ತೆಂಗಿನ ತೋಟ ದಾಟಿ ರಸ್ತೆ ಮುಟ್ಟಿದ ಮೇಲೆ ಕೇಳಿದಳು:

"ನನ್ನದು ಅಪ್ಪನ ಕಣ್ಣೇ ಅಂತ ಅಮ್ಮ ಹೇಳುತ್ತಾರೆ. ಹೌದಾ ಬಾಯಮ್ಮ?"

ಹೌದು ಎಂದುಬಿಡುವುದು ಸುಲಭವಿತ್ತು. ಒಲಿಂಡಾ ಆ ಹುಡುಗಿಯ ಮುಖ ನೋಡಿದಳು. "ಅಮ್ಮ ಹೇಳಿದ್ದು ನಿಜವೇ ಇರಬಹುದು ಮಗಾ. ಆದರೆ ಅವರ ಕಣ್ಣು ನನಗೆ ಕಾಣಲಿಲ್ಲ. ಮುಟ್ಟಾಳೆಯ ನೆರಳಿತ್ತು."

"ಹಾಗಾದರೆ ಫೋಟೋದಲ್ಲಿ ಇರುವುದು?"

"ನಿನ್ನದು."

ಮೋಹಿನಿ ಕಾಲಿನ ಹೆಬ್ಬೆರಳಿನಿಂದ ಮರಳು ಕೆದಕುತ್ತ ನಿಂತಳು. "ಏಳು ವರ್ಷದಿಂದ ಶಾಲೆಗೆ ಹೊರಡುವಾಗ ಅವರ ಹತ್ತಿರ ಹೇಳಿ ಹೋಗುತ್ತಿದ್ದೆ. ನನ್ನನ್ನೇ ನೋಡುತ್ತಾರೆ ಅಂತ ಅನ್ನಿಸುತ್ತಿತ್ತು" ಎಂದಳು. ಅವಳು ಅಳಲಿಲ್ಲ. ಬಸ್ಸು ಬಂತು. ಒಲಿಂಡಾ ಹತ್ತಿ ಕುಳಿತು ತಿರುಗಿ ನೋಡುವಷ್ಟರಲ್ಲಿ ಹುಡುಗಿ ತೋಟದೊಳಗೆ ಹೋಗಿಯಾಗಿತ್ತು.

ಆಮೇಲೆ ಪೆಟ್ಟಿಗೆಯ ಫೋಟೋ ಹಿಡಿದು ಬಂದವರಿಗೆಲ್ಲ ಒಲಿಂಡಾ ಆಗುವುದಿಲ್ಲ ಎಂದಳು. ಸಿಟ್ಟುಮಾಡಿಕೊಂಡವರಿದ್ದರು, ಅಹಂಕಾರ ಬಂತು ಎಂದವರಿದ್ದರು. ಅವಳು ಫೋಟೋವನ್ನು ಇದ್ದಹಾಗೆಯೇ ಸ್ವಚ್ಛವಾಗಿ ಪ್ರಿಂಟು ಹಾಕಿಕೊಡುತ್ತಿದ್ದಳು, ಹಿಂದೆ ಹೆಸರು ಬರೆದು. ಕೆಲವರು ಒಯ್ದರು, ಹೆಚ್ಚಿನವರು ಬೇರೆ ಸ್ಟುಡಿಯೋಗೆ ಹೋದರು. ಅಮ್ಮನ ಫೋಟೋವನ್ನು ಅವಳು ಗೋಡೆಯಿಂದ ಇಳಿಸಲಿಲ್ಲ. ಅದರ ಪಕ್ಕದಲ್ಲಿ, ಕೆಳಗೆ ನೋಡುತ್ತಿದ್ದ ಮದುವೆಯ ಆಲಿಸಳನ್ನೂ ತೂಗುಹಾಕಿದಳು. ಅರವತ್ತೆಂಟನೆಯ ಇಸವಿಯಲ್ಲಿ ಕಣ್ಣು ಮಂಜಾಗತೊಡಗಿದಾಗ ಸ್ಟುಡಿಯೋ ಬಿಟ್ಟುಕೊಟ್ಟು ಕೆಮ್ಮಣ್ಣಿನಲ್ಲಿಯೇ ಉಳಿದಳು.

ಸ್ಟುಡಿಯೋ ಇದ್ದಷ್ಟು ದಿನ ನಳಿನಾಕ್ಷಿ ಪೇಟೆಗೆ ಬಂದಾಗಲೆಲ್ಲ ಮೆಟ್ಟಿಲ ಹತ್ತಿರ ಬುಟ್ಟಿ ಇಳಿಸಿ ಒಂದು ಗಳಿಗೆ ಕುಳಿತು ಹೋಗುತ್ತಿದ್ದಳು. ಕಿವಿಯ ಕಾಗದವನ್ನು ಟ್ರಂಕಿನಲ್ಲಿ ಮದುವೆ ಸೀರೆಯ ಅಡಿಯಲ್ಲಿಟ್ಟಿದ್ದೇನೆ ಎಂದು ಒಮ್ಮೆ ಹೇಳಿದ್ದಳು. ಗೋಡೆಯ ಫೋಟೋ ಎಂತಾಯಿತು ಎಂದು ಕೇಳಲು ಒಲಿಂಡಾಳಿಗೆ ಬಹಳ ದಿನ ಧೈರ್ಯ ಬರಲಿಲ್ಲ. ಕೊನೆಗೆ ಕೇಳಿದಳು.

"ಆವತ್ತು ಸಂಜೆಯೇ ಮೋಹಿನಿ ತೆಗೆದು ಒಳಗಿಟ್ಟಳು" ಎಂದಳು ನಳಿನಾಕ್ಷಿ. "ಮೂರು ದಿವಸ ಗೋಡೆ ಖಾಲಿ ಇತ್ತು. ನಾನು ಒಂದು ಮಾತೂ ಆಡಲಿಲ್ಲ. ನಾಲ್ಕನೆಯ ದಿವಸ ನಾನು ಮೀನು ಮಾರಿ ಬರುವಾಗ ಅಲ್ಲೇ ಉಂಟು. ಅವಳೇ ಒರೆಸಿ ತೂಗುಹಾಕಿದ್ದಳು. ಈಗ ಅದಕ್ಕೆ ಅಪ್ಪ ಅಂತ ಕರೆಯುವುದಿಲ್ಲ. ಹೊರಡುವಾಗ ಮಾತ್ರ ಅದಕ್ಕೆ ಹೇಳಿಯೇ ಹೋಗುತ್ತಾಳೆ."